ಡೋಲ್ಮಜ್ಜಿಯ ಕರು, ಮಾದಮ್ಮನ ಏಳು ಹಸು

ಎರಡು ವರ್ಷದ ಹಿಂದೆ ನಾನು ಹನೂರು ಕಡೆಯ ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದೆ. ಹೆಗಲಲ್ಲಿ ಐಸ್ ತುಂಬಿದ ಪೆಟ್ಟಿಗೆ, ಕೈಯಲ್ಲಿ ಸಿರಿಂಜು, ಬಾಯಲ್ಲಿ ನಮ್ಮ ದನದ ಡಾಕ್ಟರ ದನಿ. ಅಣಕಿಸುವುದು ನನ್ನ ಹುಟ್ಟುಗುಣ. ಡಾಕ್ಟರು, ಕೊಳ್ಳೇಗಾಲದ ಬಸ್ ಕಂಡಕ್ಟರು, ಎಮ್ಮೆ ಒದ್ದಾಗ ಕಿರುಚುವ ನಾನು, ಯಾರನ್ನೂ ಬಿಟ್ಟವನಲ್ಲ.

ಅಂದು ಒಡೆಯರಪಾಳ್ಯದ ಟಿಬೆಟ್ ಕ್ಯಾಂಪಿನಲ್ಲಿ ಡೋಲ್ಮಜ್ಜಿಯ ಹಸುವಿನ ಸರದಿ. ಅಜ್ಜಿಗೆ ಎಪ್ಪತ್ತು ದಾಟಿದೆ. ಮಗುವಾಗಿದ್ದಾಗಲೇ ದೇಶ ಬಿಟ್ಟು, ಹರೆಯದಲ್ಲಿ ಇಲ್ಲಿಗೆ ಬಂದು ಜೋಳ ಬಿತ್ತಿದವರು. ಹಸುವಿನ ಪಕ್ಕ ಇಪ್ಪತ್ತು ದಿನದ ಕರು ನಿಂತಿತ್ತು. ನಾಲ್ಕು ತಿಂಗಳು ತುಂಬದ ಕರುವಿಗೆ ಈ ಲಸಿಕೆ ಹಾಕುವಂತಿಲ್ಲ. ಸುತ್ತಲಿನ ದನಗಳಿಗೆ ಹಾಕುವುದೇ ಅದಕ್ಕೆ ಕಾವಲು. ರೋಗ ಬಂದರೆ ದೊಡ್ಡ ಹಸು ಹೇಗೋ ತಡೆದೀತು, ಕರು ಉಳಿಯುವುದು ಕಷ್ಟ. ಎರಡು ಹಳ್ಳಿ ಆಚೆ ರೋಗ ಆಗಲೇ ಕಾಣಿಸಿತ್ತು. ಪಕ್ಕದ ಹಳ್ಳಿಯ ಮಾದಮ್ಮನ ಏಳು ಹಸು ಕುಡಿಯುವುದು ಅಜ್ಜಿಯ ಹಸು ಕುಡಿಯುವ ತೊಟ್ಟಿಯಲ್ಲೇ. ಆ ಮಾದಮ್ಮ ಬೆಳಿಗ್ಗೆಯೇ ನನ್ನನ್ನು ಅಟ್ಟಿದ್ದರು. ಸೂಜಿ ಚುಚ್ಚಿದರೆ ಎರಡು ದಿನ ಹಾಲು ತಗ್ಗುತ್ತದೆಂಬ ತಕರಾರು. ಸುಳ್ಳೂ ಅಲ್ಲ.

ಇದನ್ನೆಲ್ಲ ಅಜ್ಜಿಗೆ ನನ್ನ ಮುರುಕು ಹಿಂದಿಯಲ್ಲಿ ವಿವರಿಸಿದೆ.

“ಯಾಕ್ಲಾ, ಕನ್ನಡ ಮರ್ತೋಯ್ತಾ? ನಡಿ, ಓಗವ” ಎಂದು ಪಟ್ಟೆಪಟ್ಟೆಯ ಏಪ್ರನ್ ಬಿಗಿದು ಹೊರಟೇಬಿಟ್ಟರು.

ಮಾದಮ್ಮ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು. “ಎಲ್ಲಿಂದ್ಲೋ ಬಂದೋಳು, ನಂಗೆ ಬುದ್ಧಿ ಏಳಕ್ ಬಂದ್ಯಾ?”

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು.

“ನೀನ್ ಯಾವೂರೋಳಮ್ಮೀ? ಸತ್ತೇಗಾಲ ಅಲ್ವಾ? ನೀನು ಮದ್ವೆಯಾಗಿ ಬಂದಾಗ ನಾನು ಇಲ್ಲೇ ಜೋಳ ಮುರೀತಿದ್ದೆ. ನೀನಾದ್ರೆ ಅಬ್ಬಕ್ಕೆ ತವರ್ಗೆ ಓಯ್ತೀಯ. ನಂಗೆ ತವ್ರೂ ಇದೇ, ಗಂಡನ್ ಮನೇನೂ ಇದೇ. ರೋಗ ತಗುಲಿ ನನ್ ಕರ ಸತ್ರೆ ನಾನ್ ಯಾರ್ ಮನೆಗ್ ಓಗಿ ಅಳ್ಳಿ?”

ಮಾದಮ್ಮ ಬಾಗಿಲು ಬಿಟ್ಟು ಸರಿದರು. ಆಮೇಲೆ ಸಿಟ್ಟೆಲ್ಲ ನನ್ನ ಮೇಲೆ: “ಏನ್ ನೋಡ್ತಾ ನಿಂತ್ಕಂಡಿದ್ದೀಯ? ಚುಚ್ಚಲಾ, ಏಳಕ್ಕೂ!” ಅಜ್ಜಿಗೆ: “ಆಲು ಕಮ್ಮಿಯಾದ್ರೆ ನಿನ್ ಮನೆ ಮುಂದೆ ಬಂದು ಕೂತ್ಕತೀನಿ.”

“ಬಾ, ಟೀ ಕೊಡ್ತೀನಿ.”

“ಆ ಉಪ್ಪಿನ್ ಟೀನ ನೀನೇ ಕುಡ್ಕ!”

ತಿಂಗಳ ಮೇಲೆ ಹೋದಾಗ ಕರು ಅಂಗಳ ತುಂಬ ಕುಣಿಯುತ್ತಿತ್ತು. ಅಜ್ಜಿಯ ಜಗುಲಿಯಲ್ಲಿ ಮಾದಮ್ಮ ಮುಖ ಹಿಂಡಿಕೊಂಡು, ಟಿಬೆಟ್ಟಿನವರು ಬೆಣ್ಣೆ ಹಾಕಿ ಮಾಡುವ ಆ ಉಪ್ಪಿನ ಟೀ ಕುಡಿಯುತ್ತಿದ್ದರು.

ನೆಲೆ ಕಳೆದುಕೊಂಡವರೊಂದಿಗೆ ಮೆಲ್ಲಗೆ, ಅತಿಥಿಗಳೆಂಬಂತೆ ಮಾತಾಡಬೇಕೆಂದು ನಾನು ತಿಳಿದಿದ್ದೆ. ಅತಿಥಿಗಳು ಯಾರ ಕೊಟ್ಟಿಗೆಗೂ ನುಗ್ಗಿ ಜಗಳ ಆಡುವುದಿಲ್ಲ, ಊರಿನವರು ಆಡುತ್ತಾರೆ. ಕೆಲಸ ನನಗೆ ಕಲಿಸಿದ್ದು ಇದು. ಈಗ ಗೆಳೆಯರ ಮುಂದೆ ಡೋಲ್ಮಜ್ಜಿಯ ಆ ಬೈಗುಳ ಅಣಕಿಸಿ, ಯಾರೆಂದು ಹೇಳಿ ನೋಡೋಣ ಎನ್ನುತ್ತೇನೆ. ಟಿಬೆಟ್ಟಿನವರು ಎಂದು ಇವತ್ತಿನವರೆಗೆ ಒಬ್ಬನೂ ಹೇಳಿಲ್ಲ.

“ನಮ್ ಅಜ್ಜಿ ಕಣ್ಲಾ” ಅನ್ನುತ್ತಾರೆ.