ಎಂಟು ತುಂಡು ಕಲ್ತಪ್ಪ, ಅರವತ್ತು ದಿನ

ಸಾದುಲ್ಲಾ ಅವರನ್ನು ನಾನು ಮೊದಲು ಕಂಡದ್ದು ಗಲ್ಫಿನಲ್ಲಿ, ತಬೂಕಿನ ನಮ್ಮ ಮನೆಯ ಬಾಗಿಲಲ್ಲಿ, ಒಂದು ಶುಕ್ರವಾರ, ಜುಮಾ ನಮಾಜು ಮುಗಿದು ಹತ್ತು ನಿಮಿಷಕ್ಕೆ. ಮಗ ಝುಬೈರ್ ಇನ್ನೂ ಮಸೀದಿಯಿಂದ ಬಂದಿರಲಿಲ್ಲ. ಬಾಗಿಲು ತೆಗೆದರೆ ಅರವತ್ತು ದಾಟಿದ ಒಬ್ಬರು ಎರಡು ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಿದ್ದರು. ಸಲಾಂ ಹೇಳಿದವರೇ ಅತ್ತುಬಿಟ್ಟರು.

"ಖತೀಜಮ್ಮ, ನನ್ನನ್ನು ಮಾಫ್ ಮಾಡ್ಬೇಕು. ನಿಮ್ಮ ಕಲ್ತಪ್ಪ ತಿಂದದ್ದು ನಾನೇ. ಎಂಟು ತುಂಡೂ."

ಊರಿಗೆ ಖಾಯಂ ಹೋಗುವವರು ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಮಾಫಿ ಕೇಳಿಯೇ ಹೋಗುವುದು ನಮ್ಮಲ್ಲಿ ವಾಡಿಕೆ. ಕೇಳಿದರೆ ಕೊಡುವುದೂ ವಾಡಿಕೆ. ಆದರೆ ನನ್ನ ಕಲ್ತಪ್ಪವನ್ನು ಯಾರೂ ತಿಂದಿರಲಿಲ್ಲ. ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲಿಂದ ಹೇಳಿ ಎಂದೆ.

ಸಾದುಲ್ಲಾ ದಹ್ರಾನಿನ ಒಂದು ಕಂಪೆನಿಯ ಮೆಸ್ಸಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವರು. ಊರು ಉಳ್ಳಾಲ. ಇಪ್ಪತ್ತೆರಡು ವರ್ಷದ ಹಿಂದೆ ರಜೆ ಮುಗಿಸಿ ಬರುವಾಗ ಒಬ್ಬ ತಾಯಿ ಅವರ ಕೈಯಲ್ಲಿ ಒಂದು ಕಟ್ಟು ಕೊಟ್ಟಿದ್ದರು. ದಹ್ರಾನಿನಲ್ಲಿ ಬಸುರಿ ಮಗಳು ಖತೀಜಮ್ಮ ಊರಿನ ಅಕ್ಕಿ-ಬೆಲ್ಲದ ಕಲ್ತಪ್ಪದ ಆಸೆ ಹೇಳಿದ್ದಳಂತೆ. ಮುಂಬಯಿಯಲ್ಲಿ ವಿಮಾನ ಒಂದೂವರೆ ದಿನ ತಡವಾಯಿತು. ಬೆಲ್ಲದ ವಾಸನೆ, ಹುರಿದ ಈರುಳ್ಳಿಯ ವಾಸನೆ. ಮೊದಲು ಒಂದು ತುಂಡು. ಮತ್ತೆ ಏಳು. ಆ ಹುಡುಗಿಗೆ, ಏರ್‌ಪೋರ್ಟಿನವರು ಕಿತ್ತುಕೊಂಡರು ಎಂದು ಹೇಳಿದರು. ಆಕೆ ಈಗ ತಬೂಕಿನಲ್ಲಿದ್ದಾಳೆಂದು ಯಾರೋ ಹೇಳಿದ್ದನ್ನು ನಂಬಿ ಇಲ್ಲಿಗೆ ಬಂದಿದ್ದರು.

"ಆಕೆಯ ಗಂಡನ ಹೆಸರು?"

"ಅಬ್ದುಲ್ ಜಲೀಲ್."

ತೀರಿಹೋದ ನನ್ನ ಯಜಮಾನರೂ ಅಬ್ದುಲ್ ಜಲೀಲ್. ಆದರೆ ಇಪ್ಪತ್ತೆರಡು ವರ್ಷದ ಹಿಂದೆ ನನಗೆ ಐವತ್ತೆರಡು. ಆ ಪ್ರಾಯದಲ್ಲಿ ಬಸುರಿಯ ಆಸೆ ಎಲ್ಲಿಂದ ಬರಬೇಕು?

"ನಾನು ಆ ಖತೀಜಮ್ಮ ಅಲ್ಲ" ಎಂದೆ.

"ಆಗಲಿ, ಬಂದದ್ದಾಯ್ತಲ್ಲ. ನೀವೇ ಮಾಫ್ ಮಾಡಿಬಿಡಿ."

"ನನಗೆ ಮಾಡದ ತಪ್ಪಿಗೆ ನಾನು ಮಾಫಿ ಕೊಡುವುದು ಹೇಗೆ ಮಾರಾಯ್ರೆ? ಅದು ನನ್ನದಲ್ಲ. ಕೊಟ್ಟರೂ ಅಲ್ಲಾಹನ ಹತ್ತಿರ ನಡೆಯುವುದಿಲ್ಲ."

ಅವರ ಪಾಸ್‌ಪೋರ್ಟಿಗೆ ಫೈನಲ್ ಎಕ್ಸಿಟ್ ಬಿದ್ದಾಗಿತ್ತು. ಅರವತ್ತು ದಿನದೊಳಗೆ ದೇಶ ಬಿಡಬೇಕು; ಬಿಡದಿದ್ದರೆ ದಂಡ, ಮತ್ತೆ ವೀಸಾ ಕೊಟ್ಟ ಕಫೀಲನ ಕಾಲು ಹಿಡಿಯುವ ಕೆಲಸ. ಅಂದು ನಲವತ್ತನಾಲ್ಕನೆಯ ದಿನ. ಇಷ್ಟು ದಿನ ಎಲ್ಲಿ ಹೋಯಿತು ಎಂದು ಕೇಳಿದೆ. ಮಾಫಿ ಕೇಳಬೇಕಾದವರ ಪಟ್ಟಿಯೊಂದನ್ನು ಕಿಸೆಯಿಂದ ತೆಗೆದು ತೋರಿಸಿದರು. ಅವರ ಕೈಯ ಬಿರಿಯಾನಿ ತಿನ್ನದೆ ಯಾರೂ ಮಾಫಿ ಕೊಡಲಿಲ್ಲವಂತೆ. ರಿಯಾದಿನಲ್ಲಿ "ಕೊನೆಯ ಸಲ, ಸಾದುಲ್ಲಾಕ" ಎಂದು ನಾಲ್ಕು ಸಲ ಬೇಯಿಸಿಕೊಂಡರು: ಹನ್ನೊಂದು ದಿನ. ಮಕ್ಕಾದಲ್ಲಿ ಯಹ್ಯಾ ಎಂಬ ಸ್ನೇಹಿತರ ಹೋಟೆಲಿನ ಅಡುಗೆಯವನು ರಜೆಯಲ್ಲಿದ್ದ: ಹದಿನಾಲ್ಕು ದಿನ. ಹೋದಲ್ಲೆಲ್ಲ ಊರಿಗೆ ಕೊಂಡುಹೋಗಲು ಒಂದೊಂದು ಕಟ್ಟು ಬೇರೆ ಕೊಟ್ಟಿದ್ದರು. ಆ ಎರಡು ಪೆಟ್ಟಿಗೆ ತುಂಬ ಅವೇ. ಇವರ ಕೈಯಲ್ಲಿ ತಿಂಡಿ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಹತ್ತಿರದಲ್ಲೇ ಮುನೀಬ್ ಎಂಬವರ ತರಕಾರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡರು. ನಾನು ಉಳ್ಳಾಲದ ತಂಗಿಯ ಮೊಬೈಲಿಗೆ ವಾಯ್ಸ್ ಕಳಿಸಿದೆ. ಕಲ್ತಪ್ಪ, ಎಂಟು ತುಂಡು, ಇಪ್ಪತ್ತೆರಡು ವರ್ಷ, ಒಂದನ್ನೂ ಬಿಡದೆ ಹೇಳಿದೆ. ಅವಳು ಅದನ್ನು ಹೆಂಗಸರ ಗ್ರೂಪಿಗೆ ಹಾಕಿದಳು.

ಉತ್ತರಕ್ಕೆ ಕಾಯುವ ದಿನಗಳಲ್ಲಿ ಅವರು ಸಂಜೆಯ ಅಸರ್ ನಮಾಜಿನ ನಂತರ ನಮ್ಮಲ್ಲಿಗೆ ಚಾ ಕುಡಿಯಲು ಬರುತ್ತಿದ್ದರು. ಮೊಮ್ಮಗಳು ರಮ್ಲತ್ ಶಾಲೆಯ ಇಂಗ್ಲಿಷ್ ಪುಸ್ತಕದಲ್ಲಿ ಗ್ರೀಕರ ಒಂದು ಹಳೇ ಕಾವ್ಯದ ಕತೆ ಓದುತ್ತಿದ್ದಳು. ಯುದ್ಧ ಗೆದ್ದ ಒಬ್ಬ ರಾಜ ಹಡಗಿನಲ್ಲಿ ಮನೆಗೆ ಹೊರಟು, ಮುಟ್ಟಲು ಹತ್ತು ವರ್ಷ ತೆಗೆದುಕೊಂಡದ್ದು. ದಿನಕ್ಕಿಷ್ಟು ಕನ್ನಡದಲ್ಲಿ ಹೇಳುತ್ತಿದ್ದಳು.

"ಒಂದು ದ್ವೀಪದಲ್ಲಿ ಒಬ್ಬಳು ಅವನನ್ನು ಏಳು ವರ್ಷ ಇಟ್ಟುಕೊಂಡಳು" ಎಂದಳು ಒಂದು ದಿನ.

"ಏಳು ವರ್ಷ! ಅಷ್ಟು ದಿನ ಅಲ್ಲಿರ್ಲಿಕ್ಕೆ ಇಕಾಮಾ ಯಾರು ಮಾಡಿಸಿದ್ದು?" ಸಾದುಲ್ಲಾ ಕೇಳಿದರು.

"ಅದೆಲ್ಲ ಇಲ್ಲ. ಚೆನ್ನಾಗಿ ಊಟ ಹಾಕ್ತಿದ್ದಳು."

"ಅಡುಗೆ ಅವಳೇ ಮಾಡಿದ್ದಾ?"

"ಹೌದು."

"ಹಾಗಾದ್ರೆ ಅವನಿಗೆ ಎಂತ ಕಷ್ಟ ಮಾರಾಯ್ತಿ? ನನ್ನನ್ನು ಇಟ್ಟುಕೊಂಡವರೆಲ್ಲ ನನ್ನಿಂದಲೇ ಮಾಡಿಸಿದ್ದಾರೆ."

"ಅವನು ದಿನಾ ಕಡಲಿನ ಹತ್ತಿರ ಕೂತು ಮನೆ ನೆನೆದು ಅಳ್ತಿದ್ದ" ಎಂದಳು ರಮ್ಲತ್. ಸಾದುಲ್ಲಾ ಚಾ ಕಪ್ಪು ಕೆಳಗಿಟ್ಟರು. ಆ ದಿನ ಅರ್ಧ ಚಾ ಬಿಟ್ಟೇ ಎದ್ದು ಹೋದರು.

ಊರಿನಿಂದ ಉತ್ತರಗಳು ಬಂದವು. ನಾಲ್ವರು ಖತೀಜಮ್ಮಂದಿರು, ಕಲ್ತಪ್ಪದ ಸುದ್ದಿಯೇ ಗೊತ್ತಿಲ್ಲದವರು, ಯಾವುದಕ್ಕೂ ಇರಲಿ ಎಂದು ಮಾಫಿ ಕಳಿಸಿದ್ದರು. ಐದನೆಯ ವಾಯ್ಸ್ ಬಂದದ್ದು ಐವತ್ತೈದನೆಯ ದಿನ. ಅದು ಸಾದುಲ್ಲಾರ ಹೆಂಡತಿ ಬದ್ರುನ್ನಿಸಾ ಅವರದ್ದು.

"ಆ ಖತೀಜಮ್ಮ ಇರುವುದು ನಮ್ಮ ಮನೆಯಿಂದ ಮೂರನೇ ಮನೆಯಲ್ಲಿ. ಅವಳು ಗಲ್ಫ್ ಬಿಟ್ಟು ಬಂದು ಹನ್ನೆರಡು ವರ್ಷ ಆಯ್ತು, ನಮ್ಮ ಬೀದಿಗೆ ಬಂದು ಒಂದು ವರ್ಷ. ಇವರು ತಿಂದದ್ದು ಅವಳಿಗೆ ಅವತ್ತೇ ಗೊತ್ತು, ಗಡ್ಡದಲ್ಲಿ ತೆಂಗಿನಕಾಯಿ ಚೂರು ಇತ್ತಂತೆ. ಮಾಫಿ ಕೊಟ್ಟಾಗಿದೆ. ಆ ಹೊಟ್ಟೆಯಲ್ಲಿದ್ದ ಹುಡುಗಿಗೆ ಮದುವೆಯೂ ಆಯ್ತು. ಇವರದ್ದು ಎಂತ? ಊರಿಗೆ ಬಾರದಿರ್ಲಿಕ್ಕೆ ಇನ್ನೊಂದು ನೆವವಾ?"

ಸಾದುಲ್ಲಾ ಅದನ್ನು ಎರಡು ಸಲ ಕೇಳಿದರು. ಆಮೇಲೆ, "ತಬೂಕಿನಲ್ಲಿ ಇನ್ನೊಬ್ಬರು ಇದ್ದಾರೆ. ಅವರನ್ನೂ ಒಮ್ಮೆ ಕಂಡು..." ಎಂದು ಶುರುಮಾಡಿದರು.

"ನಿಮ್ಮ ಪಟ್ಟಿ ಕೊಡಿ" ಎಂದೆ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರದ ಕೆಳಗೆ ಬೆರಳಿಟ್ಟು ನಲವತ್ತೇಳು ಹೆಸರು ಓದಲು ಚಾ ಆರಿ ಹೋಯಿತು. ಕಟಿಂಗ್ ಮಾಡುವವನ ಹೆಸರಿತ್ತು, ಕಂಪೆನಿ ಬಸ್ಸಿನ ಡ್ರೈವರನ ಹೆಸರೂ ಇತ್ತು.

"ಬದ್ರುನ್ನಿಸಾ ಎಲ್ಲಿ?"

"ಅವಳು ಮನೆಯವಳಲ್ವಾ ಖತೀಜಮ್ಮ. ಅವಳನ್ನು ಎಂತಕ್ಕೆ ಬರೆಯುವುದು?"

ಮೂವತ್ತೊಂದು ವರ್ಷದಲ್ಲಿ ಹದಿನೈದು ರಜೆ, ಒಂದೊಂದು ಎರಡು ತಿಂಗಳು. ಬೆರಳು ಮಡಚಿ ಎಣಿಸಿದೆ. "ಆಕೆಯ ಜೊತೆ ನೀವು ಇದ್ದದ್ದು ಒಟ್ಟು ಎರಡೂವರೆ ವರ್ಷ" ಎಂದೆ. ರಮ್ಲತಳ ಪೆನ್ಸಿಲು ಕೊಟ್ಟೆ. ನಲವತ್ತೆಂಟನೆಯ ಹೆಸರನ್ನು ಅವರೇ ಬರೆದರು.

ಐವತ್ತೇಳನೆಯ ದಿನ ಬೆಳಿಗ್ಗೆ ಒಂಬತ್ತೂ ಕಾಲಿಗೆ ಜಿದ್ದಾ ಬಸ್ಸು. ಅಲ್ಲಿಂದ ಮರುದಿನ ವಿಮಾನ. ಝುಬೈರ್ ಕಾರಿನಲ್ಲಿ ಬಿಟ್ಟ, ನಾನೂ ಹೋಗಿದ್ದೆ. ನಾನೇ ಬೇಯಿಸಿದ ಎಂಟು ತುಂಡು ಕಲ್ತಪ್ಪವನ್ನು ಮೂರನೇ ಮನೆಯ ಖತೀಜಮ್ಮನಿಗೆಂದು ಕಟ್ಟಿ ಕೊಟ್ಟೆ. ದಾರಿಗೆಂದು ಅವರಿಗೆ ಬೇರೆಯೇ ನಾಲ್ಕು ತುಂಡು ಕೊಟ್ಟೆ. ಗೊತ್ತಿದ್ದೂ ಗೊತ್ತಿದ್ದೂ ಮನುಷ್ಯನನ್ನು ಪರೀಕ್ಷೆಗೆ ಹಾಕಬಾರದು.

ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಕೂಗುತ್ತಿದ್ದ. ಸಾದುಲ್ಲಾ ಮೆಟ್ಟಿಲು ಹತ್ತಿದವರು ಮತ್ತೆ ಇಳಿದು ಬಂದರು. ಪೆಟ್ಟಿಗೆ ಮರೆತರೇನೋ ಎಂದುಕೊಂಡೆ.

"ಖತೀಜಮ್ಮ, ಆ ರಾಜ ಕಡೆಗೆ ಮನೆ ಮುಟ್ಟಿದನಲ್ಲ. ಬಾಗಿಲಲ್ಲಿ ನಿಂತು ಹೆಂಡತಿಯ ಹತ್ತಿರ ಮೊದಲು ಎಂತ ಹೇಳಿದ?"