ಬಳೆ ತೊಡಿಸುವಾಗ ಬಂದ ಸಮುದ್ರ

ಬಸುರಿ ಅಕ್ಕನ ಬಯಕೆ ಶಾಸ್ತ್ರ ಕಾರ್ಕಳದಲ್ಲಿ, ಅವಳ ಗಂಡನ ಮನೆಯಲ್ಲಿ ನಡೆದಾಗ ಭಾವನಿಗೆ ದುಬೈಯಿಂದ ಬರಲು ರಜೆ ಸಿಗಲಿಲ್ಲ. ಊರಿಗೆ ಬರುವ ಗೆಳೆಯನೊಬ್ಬನ ಕೈಯಲ್ಲಿ ಒಂದು ವಿಡಿಯೋ ಕ್ಯಾಮೆರಾ ಕಳಿಸಿ, ಎಲ್ಲವನ್ನೂ ತೆಗೆದು ಸಿಡಿ ಮಾಡಿ ಕಳಿಸಬೇಕೆಂದರು. ಅಂಗೈಯಲ್ಲಿ ಹಿಡಿಯುವಂಥ ಕ್ಯಾಮೆರಾ, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ತುಸುವೇ ದೊಡ್ಡ ಕ್ಯಾಸೆಟ್ಟು. ನಾನು ಆಗ ಮಣಿಪಾಲದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿದ್ದೆ. ಕಂಪ್ಯೂಟರ್ ಗೊತ್ತಿದ್ದವಳಿಗೆ ಕ್ಯಾಮೆರಾವೂ ಗೊತ್ತಿರಲೇಬೇಕೆಂದು ಮನೆಯವರು ತೀರ್ಮಾನಿಸಿದ್ದರಿಂದ ಅದು ನನ್ನ ಕೈಗೆ ಬಂತು.

ಶಾಸ್ತ್ರದ ದಿನ ನಾನು ಊಟಕ್ಕೂ ಕೂರದೆ ತೆಗೆದೆ. ಅಕ್ಕನ ಅತ್ತೆಗೆ ಒಂದೇ ಚಿಂತೆ. ತಾನು ಸೊಸೆಗೆ ಬಳೆ ಇಡುವುದನ್ನು ಮಗ ನೋಡಬೇಕು. ಬಳೆ ಇಡುವ ಮೊದಲು ಎರಡು ಸಲ ನನ್ನ ಕಡೆ ತಿರುಗಿ, ಅದು ಓಡುತ್ತಾ ಉಂಟಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಶಾಸ್ತ್ರ ಮುಗಿಸಿ ಅಕ್ಕನನ್ನು ಅಲೆವೂರಿನ ನಮ್ಮ ಮನೆಗೆ ಕರೆತಂದೆವು. ಮನೆಗೆ ಮಹಡಿ ಏರಿಸುವ ಕೆಲಸ ಆಗ ನಡೆಯುತ್ತಿತ್ತು. ಬಾಗಲಕೋಟೆ ಕಡೆಯ ಏಳೆಂಟು ಜನ ಬರುತ್ತಿದ್ದರು. ಅವರಲ್ಲಿ ಕಬ್ಬಿಣ ಕಟ್ಟುವವನ ಹೆಂಡತಿ ಕಾಂಕ್ರೀಟ್ ಹೊರುತ್ತಿದ್ದಳು. ಮೂವತ್ತರ ಆಸುಪಾಸಿನವಳು, ಮಧ್ಯಾಹ್ನ ನಮ್ಮ ಜಗಲಿಯಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದಳು. ಅಮ್ಮ ಅವಳನ್ನು ಊರಿನ ಹೆಸರಿನಿಂದಲೇ ಬಾಗಲಕೋಟೆಯವಳು ಎನ್ನುತ್ತಿದ್ದರು, ಅದೇ ನಮಗೂ ರೂಢಿಯಾಯಿತು. ಒಂದು ದಿನ ನಾನು ಕ್ಯಾಮೆರಾ ಒರೆಸುತ್ತಿದ್ದುದನ್ನು ನೋಡಿ ಕೇಳಿದಳು.

"ಅಕ್ಕಾರ, ಇದರಾಗ ಸಮುದ್ರ ಹಿಡಿತದೇನ್ರಿ?"

ಅವಳ ತಾಯಿ ಸಮುದ್ರ ನೋಡಿದವಳಲ್ಲ. ಪ್ರತಿ ಸಲ ಫೋನಿನಲ್ಲಿ, ಅದು ನಮ್ಮೂರ ಕೆರೆಗಿಂತ ಎಷ್ಟು ದೊಡ್ಡದು ಎಂದು ಕೇಳುತ್ತಿದ್ದಳಂತೆ. ಇವಳು ಎಷ್ಟು ಹೇಳಿದರೂ, ಮಗಳು ಸ್ವಲ್ಪ ಹೆಚ್ಚಿಗೆ ಹೇಳುತ್ತಿದ್ದಾಳೆ ಎಂದು ಆ ತಾಯಿಗೆ ಗುಮಾನಿ.

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಕಾಪುವಿಗೆ ಹೋದೆ. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಕೂತಾಗ ಅವಳು ಕ್ಯಾಮೆರಾದಲ್ಲಿ ಮೊದಲೇ ಏನಿದೆ, ತೋರಿಸಿ ಎಂದಳು. ನಾನು ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಪಕ್ಕಕ್ಕೆ ತೆರೆದುಕೊಳ್ಳುವ ಪುಟ್ಟ ಪರದೆಯಲ್ಲಿ ಅಕ್ಕನ ಶಾಸ್ತ್ರ ತೋರಿಸಿದೆ. ಅವಳು ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ನೋಡಿದಳು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಬಂಡೆಗೆ ಬಡಿಯಿತು. ಅವಳು ಎದ್ದು ನೀರಿನ ಕಡೆ ಓಡಿದಳು. ನಾನೂ ಅವಸರದಲ್ಲಿ ಎದ್ದು ಕೆಂಪು ಗುಂಡಿ ಒತ್ತಿದೆ.

ಎರಡು ವಾರದ ಮೇಲೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಕೂತೆ. ಅದಕ್ಕೆ ಬೇರೆಯೇ ಕಾರ್ಡು, ಬೇರೆಯೇ ಕೇಬಲ್ಲು ಬೇಕೆಂದು ಉಡುಪಿಯ ಅಂಗಡಿಯವರು ಹೇಳಿ, ಮನೆಗೇ ಬಂದು ಕೂರಿಸಿಕೊಟ್ಟಿದ್ದರು. ಎಡಿಟಿಂಗ್ ಸಾಫ್ಟ್‌ವೇರನ್ನೂ ಅವರೇ ಹಾಕಿದ್ದರು. ಒಂದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡಿದಂತೆ ಕ್ಷಣದಲ್ಲಿ ಮುಗಿಯುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಕ್ಯಾಮೆರಾದೊಳಗೆ ಕ್ಯಾಸೆಟ್ಟು ತನ್ನ ವೇಗದಲ್ಲೇ ಓಡಬೇಕು, ಕಂಪ್ಯೂಟರ್ ಅದನ್ನು ನೋಡುತ್ತಾ ಬರೆದುಕೊಳ್ಳಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಅದರ ಮೇಲೆ ನಮ್ಮ ಕಂಪ್ಯೂಟರಿನಲ್ಲಿ ಒಂದು ಫೈಲು ಇಷ್ಟಕ್ಕಿಂತ ದೊಡ್ಡದಾಗುವಂತಿಲ್ಲ ಎಂಬ ಕಟ್ಟಳೆ ಇತ್ತು. ಇಪ್ಪತ್ತು ನಿಮಿಷವಾಗುವ ಮೊದಲೇ ಇಳಿಕೆ ತಾನಾಗಿ ನಿಂತುಬಿಡುತ್ತಿತ್ತು. ನಾನು ಮತ್ತೆ ಶುರುಮಾಡಬೇಕು.

ಹಾಗಾಗಿ ಅದು ಮನೆಮಂದಿಗೆಲ್ಲ ಸಿನಿಮಾ ಆಯಿತು. ಅಕ್ಕ ಎರಡು ದಿಂಬು ಒತ್ತಿಕೊಂಡು ಕೂತಳು. ಅಮ್ಮ ಬಸಳೆಯ ಬುಟ್ಟಿ, ಮೆಟ್ಟುಕತ್ತಿ ತಂದು ಕಂಪ್ಯೂಟರಿನ ಎದುರೇ ಹೆಚ್ಚತೊಡಗಿದರು. ಪರದೆಯಲ್ಲಿ ನೆಂಟರು ಬಂದರು, ಹೂ ಮುಡಿಸಿದರು. ಅತ್ತೆ ಹಸಿರು ಬಳೆ ಎತ್ತಿಕೊಂಡು ಅಕ್ಕನ ಬೆರಳುಗಳನ್ನು ಒತ್ತಿ ಹಿಡಿದರು. ಬಳೆ ಬೆರಳ ಗಂಟಿನವರೆಗೆ ಬಂತು. ಪರದೆಯ ಮೇಲೆ ಕಣ್ಣುಮಿಟುಕಿಸುವಷ್ಟು ಹೊತ್ತು ಚೌಕ ಚೌಕ ಮೂಡಿತು. ಆಮೇಲೆ ಸಮುದ್ರ, ಜೊತೆಗೆ ಬಾಗಲಕೋಟೆಯವಳ ದನಿ.

"ಯವ್ವಾ, ಇದ ನೋಡು ಸಮುದ್ರ. ಇಲ್ಲಿಂದ ಅಲ್ಲೀತನಕ ಐತಿ. ಅಲ್ಲಿಂದ ಮುಂದೂ ಐತಂತ."

"ಇದೆಂತದು ಮಾರಾಯ್ತಿ?" ಎಂದರು ಅಮ್ಮ.

ಕಂಪ್ಯೂಟರ್ ಏನೋ ಕಲಸಿಬಿಟ್ಟಿದೆ ಎಂದು ನಾನು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಇಳಿಸಿದೆ. ಬಳೆ ಗಂಟಿನವರೆಗೆ ಬಂತು, ಸಮುದ್ರ ಬಂತು. ಕೇಬಲ್ಲು ಕಿತ್ತು ಕ್ಯಾಮೆರಾದ ಪರದೆಯಲ್ಲೇ ನೋಡಿದೆ. ಅಲ್ಲೂ ಸಮುದ್ರ. ಕಾಪುವಿನಲ್ಲಿ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸದೆ ಗುಂಡಿ ಒತ್ತಿದ್ದು ಆಗ ನೆನಪಾಯಿತು. ಬಳೆ ಇಟ್ಟದ್ದು ಅಳಿಸಿ, ಅದರ ಮೇಲೆ ಒಂಬತ್ತು ನಿಮಿಷ ಸಮುದ್ರ. ಅದು ಮುಗಿದ ಕೂಡಲೆ ಕಾರ್ಕಳದಲ್ಲಿ ಬಾಳೆಲೆಯ ಮುಂದೆ ಕೂತವರಿಗೆ ಅತ್ತೆ ಪಾಯಸ ಬಡಿಸುತ್ತಿದ್ದರು.

ಅಕ್ಕ ಬೈಯುತ್ತಾಳೆಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಮಾತ್ರ ಮುಖ ಸಣ್ಣದಾಯಿತು. ಅತ್ತೆ ಆಗಲೇ ಎರಡು ಸಲ ಫೋನ್ ಮಾಡಿ ಸಿಡಿ ಹೋಯಿತಾ ಎಂದು ಕೇಳಿದ್ದರು. "ಅವರಿಗೆ ಯಾರು ಹೇಳುವುದು?" ಎಂದಳು. ಹೇಳಬೇಕಾದವಳು ಯಾರೆಂದು ಮೂವರಿಗೂ ಗೊತ್ತಿತ್ತು.

ಶನಿವಾರ ಕಾರ್ಕಳದ ಬಸ್ಸು ಹತ್ತಿದೆ. ಹಿರಿಯಡ್ಕದವರೆಗೆ ಒಂದು ರೀತಿ ಹೇಳೋಣ ಎಂದುಕೊಂಡೆ, ಬೈಲೂರು ದಾಟುವಾಗ ಇನ್ನೊಂದು ರೀತಿ. ಮನೆ ಮುಟ್ಟಿದಾಗ ಎರಡೂ ಮರೆತುಹೋಗಿ, ಕೊಟ್ಟ ಲಿಂಬೆ ಶರಬತ್ತು ಕುಡಿಯುವ ಮೊದಲೇ ನಡೆದದ್ದನ್ನು ನಡೆದಂತೆ ಹೇಳಿಬಿಟ್ಟೆ. ಅತ್ತೆ ಮಾತು ಕಡಿಮೆಯವರು. ಒಂದನ್ನಷ್ಟೇ ಕೇಳಿದರು.

"ನಾನು ಬಳೆ ಇಟ್ಟದ್ದು ಪೂರ್ತಿ ಹೋಯಿತಾ?"

"ಹೋಯಿತು. ಶುರುವಿನದ್ದು ಸ್ವಲ್ಪ ಉಂಟು."

"ಅದನ್ನೂ ತೆಗೆದುಬಿಡು," ಎಂದರು.

ಸಂಗತಿ ಏನೆಂದರೆ, ಆ ದಿನ ಅವರು ಉಟ್ಟಿದ್ದ ಕುಂಬಳಕಾಯಿ ಬಣ್ಣದ ಸೀರೆ ಅವರಿಗೆ ಚೂರೂ ಇಷ್ಟವಿರಲಿಲ್ಲ. ಮಗಳು ಒತ್ತಾಯ ಮಾಡಿ ಉಡಿಸಿದ್ದಳು. ಮಗ ಅದನ್ನು ನೋಡುತ್ತಾನಲ್ಲ ಎಂಬ ಸಂಕಟದಲ್ಲೇ ಅವರು ಎರಡು ಸಲ ಫೋನ್ ಮಾಡಿದ್ದಂತೆ. ಹೋಗುವ ಮೊದಲು ಏನಾದರೂ ಮಾಡಬಹುದೇ ಎಂದು ಕೇಳಲು ಬಾಯಿ ಬರದೆ, ಹೋಯಿತಾ ಎಂದಷ್ಟೇ ಕೇಳಿದ್ದರು. ಈಗ ಎದ್ದು ಹೋಗಿ ಗೋದ್ರೇಜ್ ಕಪಾಟಿನಿಂದ ಹಸಿರು ರೇಷ್ಮೆಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿ, ಇದು ಕ್ಯಾಮೆರಾದಲ್ಲಿ ಹೇಗೆ ಕಾಣಬಹುದು ಎಂದು ಕೇಳಿದರು. ಶಾಸ್ತ್ರವನ್ನು ಎರಡು ಸಲ ಮಾಡಬಹುದೇ ಎಂದು ನಾನು ಅನುಮಾನಿಸುತ್ತಲೇ ಕೇಳಿದೆ.

"ಬಳೆ ಇಡಲು ಶಾಸ್ತ್ರ ಎಂತಕ್ಕೆ? ಅವಳಿಗೆ ಕೈ ಉಂಟು, ನನಗೂ ಉಂಟು," ಎಂದರು ಅತ್ತೆ. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಬಂದೆ. ಅದು ಗೊತ್ತೇ ಆಗಲಿಲ್ಲ.

ಮರುವಾರ ಅತ್ತೆ ಅಲೆವೂರಿಗೆ ಬಂದರು. ಗಾರೆ ಕಾಣದ ಕೆಂಪು ಕಲ್ಲಿನ ಗೋಡೆಗೆ ಅಮ್ಮ ಹೊಸ ಬೆಡ್‌ಶೀಟು ಇಳಿಬಿಟ್ಟಿದ್ದರು. ಬಳೆ ಇಡುವಾಗ ಸುತ್ತ ಜನ ಕಾಣಬೇಕಲ್ಲ ಎಂದು ನೆರೆಮನೆಯವರನ್ನು ಕರೆದಿದ್ದೆವು. ಸಾಲಲಿಲ್ಲ. ವಿಷಯ ತಿಳಿದಂದಿನಿಂದ ತಪ್ಪು ತನ್ನದೆಂದು ಕೊರಗುತ್ತಿದ್ದ ಬಾಗಲಕೋಟೆಯವಳು ಅದನ್ನು ಕೇಳಿ ಹೋದವಳು, ಅರ್ಧ ಗಂಟೆಯಲ್ಲಿ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಳಕಲ್ ಸೀರೆ ಉಟ್ಟು, ಜೊತೆಗಾತಿಯರಿಬ್ಬರನ್ನು ಕರೆದುಕೊಂಡು ಬಂದಳು. ಅತ್ತೆ ಬಳೆ ಎತ್ತಿಕೊಂಡಾಗ ಅವರು ಯಾರೂ ಹೇಳದೆಯೇ ಹಾಡಲು ಶುರುಮಾಡಿದರು. ಅವರ ಕಡೆ ಬಸುರಿಗೆ ಬಳೆ ತೊಡಿಸುವಾಗ ಹಾಡಬೇಕಂತೆ. ನಮ್ಮ ಮನೆಯಲ್ಲಿ ಆ ರೂಢಿ ಇರಲಿಲ್ಲ. ಅತ್ತೆ ಬಳೆಯನ್ನು ಅರ್ಧ ದಾರಿಯಲ್ಲಿ ಹಿಡಿದುಕೊಂಡೇ ಕೇಳುತ್ತಾ ಕೂತರು. ಹಾಡು ಮುಗಿದಾಗ ಇನ್ನೊಮ್ಮೆ ಹೇಳಿ ಎಂದರು. ಒಂಬತ್ತು ನಿಮಿಷ ತುಂಬಿಸಲು ಹೋದ ನನಗೆ ಇಪ್ಪತ್ತೈದು ನಿಮಿಷ ಸಿಕ್ಕಿತು.

ಅದನ್ನೂ ಇಳಿಸಿ, ಮೂರು ಸಂಜೆ ಕೂತು ಕತ್ತರಿಸಿ ಜೋಡಿಸಿದೆ. ಸಮುದ್ರವನ್ನು ಬೇರೆ ತೆಗೆದಿಟ್ಟು ಇನ್ನೊಂದು ಸಿಡಿ ಮಾಡಿದೆ.

ದುಬೈಗೆ ಸಿಡಿ ಮುಟ್ಟಿದ ದಿನ ಭಾವನ ಫೋನು ಬಂತು. ತಮ್ಮ ಅಮ್ಮ ಬಳೆ ಇಡುವಾಗ ಹಸಿರು ಸೀರೆ, ಪಾಯಸ ಬಡಿಸುವಾಗ ಬೇರೆ ಸೀರೆ, ಏನು ಕಥೆ ಎಂದು ಕೇಳಿದರು. ರೇಷ್ಮೆ ಸೀರೆ ಉಟ್ಟುಕೊಂಡು ಯಾರಾದರೂ ಬಡಿಸುತ್ತಾರಾ ಎಂದು ಅಕ್ಕ ಅವರನ್ನೇ ದಬಾಯಿಸಿದಳು. ಅವರು ಹೌದು ಎಂದು ಒಪ್ಪಿಕೊಂಡು, ಹಾಡಿದವರು ಯಾರೆಂದು ವಿಚಾರಿಸಿದರು. ಅವರ ಕೋಣೆಯಲ್ಲಿದ್ದ ಗದಗಿನ ಕಡೆಯ ಡ್ರೈವರ್ ಒಬ್ಬರು ಆ ಹಾಡಿನ ಭಾಗವನ್ನೇ ಮೂರು ಸಲ ಹಾಕಿಸಿಕೊಂಡು ನೋಡಿದರಂತೆ.

ಸಮುದ್ರದ ಸಿಡಿ ಪಂಚಮಿ ಹಬ್ಬಕ್ಕೆ ಬಾಗಲಕೋಟೆಯವಳ ಜೊತೆ ಊರಿಗೆ ಹೋಯಿತು. ಅವಳು ಮರಳಿ ಬಂದಾಗ ತಾಯಿ ಏನೆಂದಳು ಎಂದು ಕೇಳಲು ನಾನು ಕಾದಿದ್ದೆ. ಓಣಿಯ ಮಂದಿಯೆಲ್ಲ ಸೇರಿ, ಪ್ಲೇಯರ್ ಇದ್ದವರ ಮನೆಯಲ್ಲಿ ನೋಡಿದರಂತೆ. ತಾಯಿ ಪೂರ್ತಿ ನೋಡಿ ಒಂದೇ ಮಾತು ಹೇಳಿದ್ದಳು.

"ನೀರ ಭಾಳ ಆತು, ನೀನ ಕಡಿಮಿ ಕಂಡಿ ಅಂದ್ಳರಿ," ಎಂದು ಅವಳು ನಕ್ಕಳು.

ಆ ವಾರ ಮಹಡಿಯ ಕೋಣೆಗೆ ಗಾರೆ ಹಾಕುತ್ತಿದ್ದರು. ಹೊರಗೆ ಮಳೆ. ಭಾನುವಾರ ನಾನು ಕ್ಯಾಮೆರಾ ತೆಗೆದುಕೊಂಡು ಮೇಲೆ ಹೋದೆ. ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಮುಖವೇ ಪರದೆಯ ತುಂಬ ಬರುವಂತೆ ಹತ್ತಿರ ಹಿಡಿದೆ. ಅಕ್ಕನ ಒಂದು ತಿಂಗಳ ಮಗುವನ್ನು ಅವಳು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಬೆಳಿಗ್ಗೆ ಏನು ತಿಂದೆ, ಈ ಊರಿನ ಕುಚ್ಚಲಕ್ಕಿ ಅನ್ನ ಈಗ ಹೇಗೆ ಒಗ್ಗಿದೆ, ಗಂಡನ ಕೆಮ್ಮು ಎಷ್ಟು ಕಡಿಮೆಯಾಗಿದೆ ಎಂದು ತಾಯಿಗೆ ಹೇಳುತ್ತಾ ಹೋದಳು. ನಾನು ನಿಲ್ಲಿಸಲಿಲ್ಲ. ಕ್ಯಾಸೆಟ್ಟು ಮುಗಿಯುವವರೆಗೂ ಅವಳು ಮಾತಾಡಿದಳು.