ಬೇವು ಕುಡಿಯದ ನೀರು

ರಂಗವ್ವನ ಬಾಯಿಗೆ ಊರೇ ಹೆದರುತ್ತಿತ್ತು. ಆದರೆ ಬೆಳಿಗ್ಗೆ ಕೆರೆಯಿಂದ ಕೊಡ ಹೊತ್ತು ಹೊಲದ ಮೂಲೆಗೆ ನಡೆವಾಗ ಆ ಬಾಯಿಂದ ಒಂದು ಮಾತೂ ಬರುತ್ತಿರಲಿಲ್ಲ. ಮೂಲೆಯ ಬೇವಿನ ಗಿಡದ ಕೆಳಗೆ ಅವಳ ಮಗಳು ಭಾಗ್ಯಾ ಮಲಗಿದ್ದಾಳೆ. ಮಣ್ಣು ಮಾಡಿದ ವರ್ಷವೇ ರಂಗವ್ವ ಅಲ್ಲಿ ಸಸಿ ನೆಟ್ಟಿದ್ದಳು.

ಐದು ವರ್ಷದ ಹುಡುಗಿ. ಕರುಳು ತೊಡರಿಕೊಂಡಿದೆ ಎಂದು ಬಾಗಲಕೋಟೆಯ ದವಾಖಾನೆಗೆ ಒಯ್ದಿದ್ದರು. ಆಪರೇಷನ್ ಆಗುವ ತನಕ ಹನಿ ನೀರೂ ಕೊಡಬೇಡಿ ಎಂದರು ಡಾಕ್ಟರು. ಅವರು ಹೇಳಿದ್ದು ಸರಿಯೇ, ಆದರೆ ಕೂಸಿಗೆ ತಿಳಿಯಬೇಕಲ್ಲ? "ಯವ್ವಾ, ಒಂದ ಗುಟುಕ," ಎಂದು ಸೆರಗು ಜಗ್ಗಿತು. ರಂಗವ್ವ ಮನಸ್ಸು ಕಲ್ಲು ಮಾಡಿಕೊಂಡು, "ಆಮ್ಯಾಲೆ ಕೊಡ್ತೇನಿ, ನನ್ನ ಬಂಗಾರ," ಎಂದಳು. ಒಳಗೆ ಹೋದ ಮಗು ಮತ್ತೆ ಕಣ್ಣು ತೆರೆಯಲಿಲ್ಲ.

ಅಂದಿನಿಂದ ಈ ಕೊಡ. ಗಂಡ ಲಕ್ಷ್ಮಣ ಕುರಿ ಬಿಡುವಾಗ ದಿನವೂ ಗೊಣಗುತ್ತಿದ್ದ: "ಹುಚ್ಚಿ, ಸತ್ತವರು ನೀರು ಕುಡೀತಾರೇನ?"

"ಗಿಡ ನೋಡ್ರಿ, ಹ್ಯಾಂಗ ಬೆಳದೈತಿ! ಯಾರ ನೀರ ಕುಡದು ಬೆಳೀತು?" ಎಂದು ಇವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅವನು ಕೋಲು ಎತ್ತಿಕೊಂಡು ನಡೆದುಬಿಡುತ್ತಿದ್ದ. ಮಗಳು ಹೋದ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಹೀಗಿರುವಾಗ ಇಳಕಲ್ಲಿನ ನೇಕಾರರ ಮನೆಯ ಹುಡುಗಿ ಚೇತನಾ ಬಾದಾಮಿ ಕಡೆಯ ಈ ಹೊಲಗಳಿಗೆ ಸಂಶೋಧನೆಗೆಂದು ಬಂದಳು. ನೆಲದ ನೀರಿನಲ್ಲಿ ಬಿಸಿಲಿಗೆ ನೇರ ಆರಿಹೋಗುವುದೆಷ್ಟು, ಗಿಡ ಕುಡಿದು ಎಲೆಯಿಂದ ಬಿಡುವುದೆಷ್ಟು ಎಂದು ತಿಳಿಯುವ ಕೆಲಸ. ರಂಗವ್ವ ಕೂಲಿಗೆ ಸೇರಿದಳು. ಮಣ್ಣು ಕೊರೆದು ತೆಗೆಯಬೇಕು, ಕಡ್ಡಿ ಕತ್ತರಿಸಿ ಸೀಸೆಗೆ ಹಾಕಿ ಮುಚ್ಚಳ ಬಿಗಿಯಬೇಕು.

"ಇಷ್ಟ್ಯಾಕ ಬಿಗೀಬೇಕ್ರಿ ಅಕ್ಕಾರ? ಉಸಿರು ಕಟ್ಟಿ ಸಾಯ್ತಾವ ಕಡ್ಡಿ!"

ಚೇತನಾ ನಕ್ಕಳು. "ಸಡಿಲಿದ್ರ ಕಡ್ಡಿ ನೀರು ಹಾರಿ ಲೆಕ್ಕ ತಪ್ಪತೈತಿ ರಂಗಕ್ಕ. ನೀರಿನಾಗ ಹಗೂರದ್ದು, ಭಾರದ್ದು ಅಂತ ಇರ್ತಾವ. ಬಿಸಿಲಿಗೆ ಹಗೂರದ್ದು ಜಾಸ್ತಿ ಹಾರಿ, ಭಾರದ್ದು ಹೆಚ್ಚು ಉಳೀತೈತಿ. ಬೇರು ಮಾತ್ರ ಸಿಕ್ಕ ನೀರನ್ನ ಇದ್ದಂಗ ಎಳಕೊಂತಾವ. ಅದಕ್ಕ ಕಡ್ಡಿ ನೀರು ನೋಡಿದ್ರ, ಗಿಡ ಯಾವ ನೀರು ಕುಡದೈತಿ ಅಂತ ತಿಳೀತೈತಿ."

ರಂಗವ್ವನ ಕೈ ನಿಂತಿತು. "ಹಂಗಾರ ನನ್ನ ಬೇವಿಂದೂ ನೋಡ್ರಿ! ನನ್ನ ಕೆರಿ ನೀರ ಕುಡದೈತಿ ಅಂತ ನಮ್ಮ ಮನಿಯವರಿಗೆ ಒಮ್ಮೆ ಹೇಳ್ರಿ."

ಕೆರೆಯದು ಬಿಸಿಲುಂಡ ನೀರು, ಭಾರದ್ದೇ ಹೆಚ್ಚು, ಅದರ ಗುರುತು ಸುಲಭವಾಗಿ ಸಿಗುತ್ತದೆ ಎಂದು ಚೇತನಾ ಒಪ್ಪಿದಳು. "ಈ ಕಡೆ ಕೊರೀರಿ. ಆ ಕಡೆ ಕೂಸು ಐತಿ," ಎಂದು ರಂಗವ್ವ ತಾನೇ ಜಾಗ ತೋರಿಸಿದಳು.

ಫಲಿತಾಂಶ ಬಂದ ದಿನ ಚೇತನಾ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಬಂದಿದ್ದಳು. ಸುಳ್ಳು ಹೇಳಬಹುದಿತ್ತು, ಯಾರು ಕೇಳುತ್ತಿದ್ದರು? ಅವಳ ಕೈಲಾಗಲಿಲ್ಲ.

"ಬೇರು ಭಾಳ ಆಳಕ್ಕ ಇಳದಾವ ರಂಗಕ್ಕ. ಅಲ್ಲಿಂದನ ಕುಡೀತೈತಿ. ನೀವು ಹಾಕಿದ್ದು ಮ್ಯಾಲಿನ ಮಣ್ಣಾಗ ಉಳದು, ಬಿಸಿಲಿಗೆ ಆರಿಹೋಗೈತಿ. ಸಸಿ ಇದ್ದಾಗ ಕುಡದಿರಬೇಕು, ಈಗಲ್ಲ."

"ಒಂದ ಗುಟುಕೂ ಇಲ್ಲೇನ್ರಿ?"

ಚೇತನಾ ತಲೆ ತಗ್ಗಿಸಿದಳು. "ಆವತ್ತೂ ಕುಡೀಲಿಲ್ಲ, ಈಗೂ ಕುಡೀಲಿಲ್ಲ ನನ್ನ ಕೂಸು," ಎಂದು ರಂಗವ್ವ ಅಂಗಳದಲ್ಲೇ ಕುಸಿದಳು. ಕುರಿಹಟ್ಟಿಯ ಬಳಿ ಲಕ್ಷ್ಮಣ ಎಲ್ಲ ಕೇಳಿಸಿಕೊಂಡ. ನಾ ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ರಂಗವ್ವ ರೂಢಿಯಂತೆ ಕೆರೆಗೆ ಹೋಗಿ ಕೊಡ ತುಂಬಿದಳು, ಗಿಡದ ಹತ್ತಿರ ಬಂದಳು. ಸುರಿಯಲು ಕೈ ಬರಲಿಲ್ಲ. ಕೊಡ ಕೆಳಗಿಳಿಸಿದಳು. ಹಿಂದೆಯೇ ಲಕ್ಷ್ಮಣ ಹಾರೆ ಹೊತ್ತು ಬಂದವನು ಗಿಡದ ಬುಡದಲ್ಲಿ ಬಲವಾಗಿ ಕುಕ್ಕತೊಡಗಿದ.

"ಏನ ಮಾಡ್ತೀರಿ?"

"ತಗ್ಗು ತೋಡ್ತೇನಿ. ಬೇರು ಸಿಗೂತನ ತೋಡ್ತೇನಿ. ಅಲ್ಲಿ ಹಾಕು. ಹ್ಯಾಂಗ ಕುಡಿಯಂಗಿಲ್ಲ ನೋಡೂನು!"

ಮತ್ತೊಂದು ಏಟಿಗೆ ಅವನು ಹಾರೆ ಎತ್ತಿದಾಗ ರಂಗವ್ವ ಓಡಿಹೋಗಿ ಎರಡೂ ಕೈಯಲ್ಲಿ ಹಿಡಿದಳು. "ಬ್ಯಾಡ್ರಿ! ಆ ಕಡೆ ಕೂಸು ಐತಿ! ಕೂಸಿಗೆ ತಾಗತೈತಿ!"

ಲಕ್ಷ್ಮಣ ತಾನು ತೋಡಿದ ಜಾಗ ನೋಡಿದ. ಹಾರೆ ಕೈಯಿಂದ ಜಾರಿತು. "ಭಾಗ್ಯಾ," ಎಂದ. ಇಷ್ಟು ವರ್ಷ ಬಾಯಿಗೆ ಬಾರದ ಹೆಸರು. ಆಮೇಲೆ ಗಂಡಸು ಎಂಬುದನ್ನೂ ಮರೆತು ಆ ಮಣ್ಣಿನ ಮೇಲೆ ಬಿದ್ದು ಗೋಳೋ ಎಂದು ಅತ್ತ.

ಅವನು ಬಿಕ್ಕಿ ಬಿಕ್ಕಿ ಉಸಿರು ಸಿಗದಂತಾದಾಗ ರಂಗವ್ವ ಕೊಡ ಬಾಗಿಸಿ ಬೊಗಸೆ ತುಂಬಿಕೊಂಡು ಅವನ ಬಾಯಿಗೆ ಹಿಡಿದಳು.

"ನೀವಾದ್ರೂ ಕುಡೀರಿ," ಎಂದಳು.